ಊಟ ಬಲ್ಲವನಿಗೆ ರೋಗವಿಲ್ಲವೇ?

ಕನ್ನಡದ ಆರೋಗ್ಯ ಸಾಹಿತ್ಯವನ್ನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಿಂತು ಓದಿದಾಗ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ನಮ್ಮ ದಿನಪತ್ರಿಕೆಗಳ ಪುರವಣಿ, ವಾರಪತ್ರಿಕೆಗಳ ಆರೋಗ್ಯ ಪುಟ, ಆಕಾಶವಾಣಿಯಲ್ಲಿ ವೈದ್ಯರೊಂದಿಗೆ ಮಾತುಕತೆ, ಟಿ.ವಿ.ಯ ಬೆಳಗಿನ ಕಾರ್ಯಕ್ರಮ, ಈಗ ಮೊಬೈಲ್‌ನಲ್ಲಿ ಹರಿದಾಡುವ ಸಲಹೆಗಳು - ಇವೆಲ್ಲ ಒಂದರ್ಥದಲ್ಲಿ ಈ ಗಾದೆಯ ಮೊದಲರ್ಧದ ವ್ಯಾಖ್ಯಾನಗಳೇ. ಬೇಗ ಏಳಿ, ನಡೆಯಿರಿ, ಮಿತವಾಗಿ ತಿನ್ನಿ, ಮನೆಯ ಅಡುಗೆಯನ್ನೇ ತಿನ್ನಿ, ಸಾಕಷ್ಟು ನೀರು ಕುಡಿಯಿರಿ, ಎಂಟು ಗಂಟೆ ನಿದ್ರೆ ಮಾಡಿ, ಚಿಂತೆ ಬಿಡಿ. ಇವುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಇವನ್ನು ಓದುತ್ತಾ ಹೋದಂತೆ ಒಂದು ಪ್ರಶ್ನೆ ಏಳುತ್ತದೆ. ಈ ಸಲಹೆಗಳು ಮಾತನಾಡಿಸುತ್ತಿರುವ 'ನೀವು' ಯಾರು?

ಆ 'ನೀವು'ಗೆ ಒಂದು ಅಡುಗೆಮನೆ ಇದೆ, ಅಡುಗೆಗೆ ಸಮಯವಿದೆ. ಸಂಜೆ ನಡೆಯಲು ಒಂದು ಪಾರ್ಕ್ ಇದೆ. ರಾತ್ರಿ ಮಲಗುವ, ಹಗಲು ಕೆಲಸ ಮಾಡುವ ದಿನಚರಿ ಇದೆ. ಬಾಯಾರಿದಾಗ ಎದ್ದು ಹೋಗಿ ನೀರು ಕುಡಿಯುವ ಸ್ವಾತಂತ್ರ್ಯವಿದೆ. ಒಟ್ಟಿನಲ್ಲಿ ಆ ವ್ಯಕ್ತಿಯ ಆರೋಗ್ಯ ಅವನ ಕೈಯಲ್ಲೇ ಇದೆ. ಕೆಟ್ಟರೆ ಅದು ಅವನ ಅಜ್ಞಾನ ಅಥವಾ ಆಲಸ್ಯದಿಂದ. ನಮ್ಮ ಆರೋಗ್ಯ ಸಾಹಿತ್ಯದ ಬಹುಭಾಗ ಈ ಕಲ್ಪಿತ ಓದುಗನ ಮೇಲೆ ನಿಂತಿದೆ. ಅವನನ್ನು ನಿಜವಾದ ಒಂದು ಊರಿನಲ್ಲಿ ಹುಡುಕಿದರೆ ಎಷ್ಟು ಮಂದಿ ಸಿಗುತ್ತಾರೆ ಎಂದು ನೋಡುವುದು ಈ ಲೇಖನದ ಉದ್ದೇಶ. ಆ ಊರು ಎಲೆಕ್ಟ್ರಾನಿಕ್ ಸಿಟಿ.

ಒಂದು ಪರಂಪರೆಯ ಸಾಧನೆ

ವಿಮರ್ಶೆಗೆ ಮುನ್ನ ಈ ಪರಂಪರೆಯ ಋಣವನ್ನು ನೆನೆಯಬೇಕು. ಕನ್ನಡದಲ್ಲಿ ವೈದ್ಯರು ಬರೆಯಲು ತೊಡಗಿದ್ದು ಸಣ್ಣ ಸಂಗತಿಯಲ್ಲ. 1942ರಲ್ಲಿ 'ಕೊರವಂಜಿ'ಯನ್ನು ಆರಂಭಿಸಿ ನಾಡನ್ನು ನಗಿಸಿದ 'ರಾಶಿ' ಎಂಬ ಡಾ. ಎಂ. ಶಿವರಾಂ ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಅನುಪಮಾ ನಿರಂಜನರ 'ತಾಯಿ-ಮಗು' ಮತ್ತೆ ಮತ್ತೆ ಮುದ್ರಣಗೊಂಡು ಕನ್ನಡದ ಎಷ್ಟೋ ಮನೆಗಳನ್ನು ಸೇರಿತು. ಬಸಿರು, ಬಾಣಂತನ, ಮುಟ್ಟು ಇವೆಲ್ಲ ಪಿಸುಮಾತಿನ ವಿಷಯಗಳಾಗಿದ್ದ ಕಾಲದಲ್ಲಿ ಒಬ್ಬ ವೈದ್ಯೆ ಹೆಣ್ಣುಮಕ್ಕಳ ಜತೆ ನೇರವಾಗಿ ಮಾತಾಡಿದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಪುಸ್ತಕ, ಲೇಖನಗಳ ಮೂಲಕ ಮಾನಸಿಕ ಕಾಯಿಲೆ ದೆವ್ವದ ಕಾಟವಲ್ಲ, ಪಾಪದ ಫಲವಲ್ಲ ಎಂದು ಹಳ್ಳಿ ಹಳ್ಳಿಗೂ ತಿಳಿಸಿದರು. ಇಂಗ್ಲಿಷ್ ಬಾರದವರಿಗೆ ದೇಹದ ಜ್ಞಾನ ನಿಷಿದ್ಧವಲ್ಲ ಎಂಬುದನ್ನು ಸಾಧಿಸಿದ ಈ ಬರಹಗಾರರ ಬಗ್ಗೆ ಲಘುವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ.

ಆದರೆ ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಪ್ರಗತಿಶೀಲ ಮನೋಧರ್ಮದ ಅನುಪಮಾ ಕಾದಂಬರಿ ಬರೆದಾಗ ಹೆಣ್ಣಿನ ಸಂಕಟಕ್ಕೆ ಕಾರಣಗಳನ್ನು ಕುಟುಂಬದಲ್ಲಿ, ಸಮಾಜದಲ್ಲಿ ಹುಡುಕುತ್ತಾರೆ. ಆರೋಗ್ಯ ಸಲಹೆಯ ಪುಸ್ತಕದ ಸ್ವರೂಪವೇ ಬೇರೆ. ಅದು ಒಬ್ಬ ವ್ಯಕ್ತಿಯನ್ನು ಉದ್ದೇಶಿಸಿ 'ನೀನು ಹೀಗೆ ಮಾಡು' ಎನ್ನಬೇಕು. ಸಮಾಜಕ್ಕೆ ಔಷಧಿಯ ಚೀಟಿ ಬರೆಯಲು ಆ ಪ್ರಕಾರದಲ್ಲಿ ಜಾಗವಿಲ್ಲ. ಹೀಗಾಗಿ ದೋಷ ಬರೆದವರದ್ದಲ್ಲ, ಪ್ರಕಾರದ್ದು. ಅವರ ನಂತರ ಬಂದ ಅಂಕಣಗಳು ಅವರ ಸಾಮಾಜಿಕ ಕಳಕಳಿಯನ್ನು ಬಿಟ್ಟು ಬರೀ ಚೀಟಿಯನ್ನು ಉಳಿಸಿಕೊಂಡವು ಎಂಬುದೇ ನಮ್ಮ ತಕರಾರು.

1978ರ ಎರಡು ಕನಸುಗಳು

ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದು 1978ರಲ್ಲಿ. ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರ ಕನಸಿನಂತೆ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಹಳ್ಳಿಗಳ 332 ಎಕರೆ ಜಮೀನಿನಲ್ಲಿ ಅದು ತಲೆಯೆತ್ತಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಅಲ್ಮಾ ಅಟಾ ನಗರದಲ್ಲಿ ಜಗತ್ತಿನ ದೇಶಗಳು ಸೇರಿ ಇನ್ನೊಂದು ಕನಸನ್ನು ಘೋಷಿಸಿದವು: '2000ದ ಹೊತ್ತಿಗೆ ಎಲ್ಲರಿಗೂ ಆರೋಗ್ಯ'. ಆರೋಗ್ಯವೆಂದರೆ ಆಸ್ಪತ್ರೆ ಮಾತ್ರವಲ್ಲ. ಅನ್ನ, ನೀರು, ವಸತಿ, ಶಿಕ್ಷಣ, ಕೆಲಸ ಎಲ್ಲವೂ ಆರೋಗ್ಯವೇ ಎಂದು ಆ ಘೋಷಣೆ ಹೇಳಿತು.

ಮೊದಲ ಕನಸು ಊಹೆಗೂ ಮೀರಿ ಕೈಗೂಡಿತು. ಸಾಫ್ಟ್‌ವೇರ್ ಕಂಪನಿಗಳು ಬಂದವು. ಆಚೆಗೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯವರೆಗೆ ಕಾರ್ಖಾನೆಗಳು, ಈಚೆಗೆ ಬೊಮ್ಮನಹಳ್ಳಿಯವರೆಗೆ ಗಾರ್ಮೆಂಟ್ಸ್‌ಗಳು ಹಬ್ಬಿದವು. ಬೊಮ್ಮಸಂದ್ರದಲ್ಲೇ ದೇಶ ವಿದೇಶಗಳಿಂದ ರೋಗಿಗಳು ಬರುವ ದೊಡ್ಡ ಹೃದಯದ ಆಸ್ಪತ್ರೆ 2000ದಲ್ಲಿ ತಲೆಯೆತ್ತಿತು. ಎರಡನೆಯ ಕನಸು ಮಾತ್ರ ಆ ಗಡುವು ದಾಟಿ ಕಾಲು ಶತಮಾನ ಕಳೆದರೂ ಅದೇ ರಸ್ತೆಯಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದೆ. ಒಂದೇ ಬೀದಿಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯೂ ಲಭ್ಯ, ಹೃದಯ ಕೆಡಿಸುವ ಬದುಕೂ ಲಭ್ಯ.

ಇಲ್ಲಿ ಬದುಕುವವರು ಒಂದೇ ಜನವಲ್ಲ. ಲ್ಯಾಪ್‌ಟಾಪ್ ಬ್ಯಾಗಿನ ಎಂಜಿನಿಯರ್, ರಾತ್ರಿಪಾಳಿಯ ಕಾಲ್ ಸೆಂಟರ್ ಹುಡುಗಿ, ಅವಳನ್ನು ಕರೆತರುವ ಕ್ಯಾಬ್ ಚಾಲಕ, ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿ, ಗುತ್ತಿಗೆದಾರನ ಕೈಕೆಳಗಿನ ಹೌಸ್‌ಕೀಪಿಂಗ್ ಹೆಂಗಸು, ಗಾರ್ಮೆಂಟ್ಸ್‌ನ ಟೈಲರ್ ಮತ್ತು ಹೆಲ್ಪರ್, ಕಲಬುರಗಿ ರಾಯಚೂರುಗಳಿಂದ ಬಂದ ಕಟ್ಟಡ ಕೂಲಿ, ಒಡಿಶಾ ಅಸ್ಸಾಮುಗಳಿಂದ ಬಂದ ಹುಡುಗರು, ಜಮೀನು ಕೊಟ್ಟು ಬಾಡಿಗೆ ಮನೆ ಕಟ್ಟಿಸಿಕೊಂಡ ಮೂಲ ಹಳ್ಳಿಗರು. ಇವರೆಲ್ಲರಿಗೂ ನಮ್ಮ ಆರೋಗ್ಯ ಪುಟ ಕೊಡುವುದು ಒಂದೇ ಸಲಹೆ.

ಸಲಹೆಗಳ ಪರೀಕ್ಷೆ

'ಎಂಟು ಗಂಟೆ ನಿದ್ರೆ ಮಾಡಿ.' ಅಮೆರಿಕದ ಹಗಲಿಗೆ ದುಡಿಯುವವರಿಗೆ ಇಲ್ಲಿಯ ರಾತ್ರಿಯೇ ಹಗಲು. ಸಂಜೆ ಹೋದವರು ನಸುಕಿನಲ್ಲಿ ಮರಳಿ, ಪಿ.ಜಿ.ಯ ಹಂಚಿಕೊಂಡ ಕೋಣೆಯಲ್ಲಿ, ಉಳಿದವರು ಎದ್ದು ಓಡಾಡುವ ಹೊತ್ತಿನಲ್ಲಿ ಕಣ್ಣು ಮುಚ್ಚಬೇಕು. ದೇಹದೊಳಗಿನ ಗಡಿಯಾರ ಸೂರ್ಯನ ಜತೆ ನಡೆಯುತ್ತದೆಯೇ ಹೊರತು ಕಂಪನಿಯ ಜತೆಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2007ರಲ್ಲೇ, ಈ ಗಡಿಯಾರವನ್ನು ಕೆಡಿಸುವ ಪಾಳಿ ಕೆಲಸವನ್ನು 'ಕ್ಯಾನ್ಸರ್ ತರುವ ಸಂಭವವುಳ್ಳದ್ದು' ಎಂಬ ವರ್ಗಕ್ಕೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ವರ್ಗದಲ್ಲಿ ಉಳಿಸಿತು. ಹೀಗಿರುವಾಗ ರಾತ್ರಿಪಾಳಿಯವರಿಗೆ 'ಮಲಗುವ ಮುನ್ನ ಬಿಸಿ ಹಾಲು ಕುಡಿಯಿರಿ' ಎನ್ನುವುದು ಸಲಹೆಯಲ್ಲ, ಸಮಾಧಾನ.

'ಸಾಕಷ್ಟು ನೀರು ಕುಡಿಯಿರಿ.' ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಹಲವರು ಕೆಲಸದ ಹೊತ್ತಿನಲ್ಲಿ ಬೇಕೆಂದೇ ನೀರು ಕಡಿಮೆ ಕುಡಿಯುತ್ತಾರೆ ಎಂದು ಕಾರ್ಮಿಕ ಸಂಘಟನೆಗಳು ಹೇಳುತ್ತಲೇ ಬಂದಿವೆ. ಕಾರಣ ಸರಳ. ನೀರು ಕುಡಿದರೆ ಶೌಚಾಲಯಕ್ಕೆ ಏಳಬೇಕು. ಎದ್ದರೆ ಗಂಟೆಯ ಟಾರ್ಗೆಟ್ ತಪ್ಪುತ್ತದೆ, ಲೈನ್‌ನಲ್ಲಿ ಮುಂದಿನವಳ ಬಳಿ ಪೀಸ್ ಹೋಗುವುದಿಲ್ಲ, ಸೂಪರ್‌ವೈಸರ್‌ನ ಬೈಗುಳ ಎಲ್ಲರೆದುರು ಕೇಳಬೇಕು. ಮೂತ್ರದ ಸೋಂಕಿಗೆ ವೈದ್ಯರು ಮಾತ್ರೆ ಬರೆದು 'ಚೆನ್ನಾಗಿ ನೀರು ಕುಡಿಯಮ್ಮ' ಎನ್ನುತ್ತಾರೆ. ಅವಳು ತಲೆಯಾಡಿಸುತ್ತಾಳೆ. ಇಬ್ಬರೂ ನಿಜ ಹೇಳಲಿಲ್ಲ. ಸೋಂಕಿನ ಕಾರಣ ಅವಳ ಅಜ್ಞಾನವಲ್ಲ, ಟಾರ್ಗೆಟ್ ಎಂಬುದು ಆ ಔಷಧಿ ಚೀಟಿಯಲ್ಲಿ ಬರುವುದೇ ಇಲ್ಲ.

'ಮನೆಯ ಅಡುಗೆ ತಿನ್ನಿ.' ಒಂದೇ ಕೋಣೆಯ ಶೀಟ್ ಮನೆಯಲ್ಲಿ ಅಡುಗೆ, ನಿದ್ರೆ, ಮಕ್ಕಳ ಓದು ಎಲ್ಲವೂ ನಡೆಯುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ನೀರು ಹಿಡಿದು, ಅಡುಗೆ ಮಾಡಿ, ಡಬ್ಬಿ ಕಟ್ಟಿ, ಕಾರ್ಖಾನೆಗೆ ಓಡುವವಳು ಹೆಂಗಸು. ಸಂಜೆ ಬಂದ ಮೇಲೆ ಮತ್ತೆ ಒಲೆಯ ಮುಂದೆ ನಿಲ್ಲುವವಳೂ ಅವಳೇ. ಅಂಕಣಕಾರರು 'ಮನೆಯ ಅಡುಗೆ' ಎಂದಾಗ ಅದನ್ನು ಮಾಡುವವರು ಯಾರು, ಅವರ ಸೊಂಟನೋವಿಗೆ ಯಾರು ಹೊಣೆ ಎಂದು ಕೇಳುವುದಿಲ್ಲ. ಒಬ್ಬರ ಆರೋಗ್ಯಕ್ಕಾಗಿ ಇನ್ನೊಬ್ಬರ ವಿಶ್ರಾಂತಿ ಹೋಗುತ್ತದೆ.

'ದಿನವೂ ನಡೆಯಿರಿ.' 2010ರ ಜನವರಿಯಲ್ಲಿ ಸುಮಾರು 10 ಕಿ.ಮೀ. ಉದ್ದದ ಮೇಲ್ಸೇತುವೆ ತೆರೆದಾಗ ಕಾರಿನವರು ಟೋಲ್ ಕೊಟ್ಟು ಮೇಲೆ ಹಾರಿದರು. ನಡೆಯುವವರು, ಬಸ್ಸಿಗೆ ಕಾಯುವವರು ಕೆಳಗೇ ಉಳಿದರು. ಕಾಲುದಾರಿಗಿಂತ ಮೊದಲು ಮೇಲ್ಸೇತುವೆ ಬಂದ ಊರಿನಲ್ಲಿ ನಡಿಗೆ ವ್ಯಾಯಾಮವಲ್ಲ, ಅಪಾಯ.

ವಸತಿಯ ಪ್ರಶ್ನೆಗೆ ಇನ್ನೂ ಒಂದು ಮುಖವಿದೆ. ಬಾಡಿಗೆ ಮನೆ ಕೇಳಲು ಹೋದವರ ಹೆಸರು ಕೇಳಿ, ಜಾತಿ ಕೇಳಿ, ಮಾಂಸ ತಿನ್ನುತ್ತೀರಾ ಎಂದು ಕೇಳಿ 'ಮನೆ ಖಾಲಿ ಇಲ್ಲ' ಎನ್ನುವುದು ಈ ನಗರಕ್ಕೆ ಹೊಸದಲ್ಲ. ಮುಸ್ಲಿಮರಿಗೂ ದಲಿತರಿಗೂ ಇದು ಗೊತ್ತಿರುವ ಅನುಭವ. ಆದರೆ ಇದನ್ನು ನಾವು ಅವಮಾನದ ಪ್ರಶ್ನೆಯಾಗಿ ನೋಡುತ್ತೇವೆಯೇ ಹೊರತು ಆರೋಗ್ಯದ ಪ್ರಶ್ನೆಯಾಗಿ ನೋಡುವುದಿಲ್ಲ. ಕೆಲಸದ ಹತ್ತಿರ ಮನೆ ಸಿಗದವನು ದೂರ ಹೋಗುತ್ತಾನೆ. ದಿನಕ್ಕೆ ಎರಡು ಗಂಟೆ ಹೆಚ್ಚು ಬಸ್ಸಿನಲ್ಲಿ ಕಳೆದರೆ ಅದು ಕಡಿತವಾಗುವುದು ಅವನ ನಿದ್ರೆಯಿಂದ, ಮಕ್ಕಳ ಜತೆಗಿನ ಹೊತ್ತಿನಿಂದ. ಪೂರ್ವಗ್ರಹವೂ ರಕ್ತದೊತ್ತಡದ ಒಂದು ಕಾರಣವೆಂದು ನಮ್ಮ ಆರೋಗ್ಯ ಪುಟಗಳು ಎಂದು ಬರೆದಾವು?

ಗುಮಾಸ್ತನ ಹೃದಯ

ಇದೆಲ್ಲ ಭಾವುಕ ಮಾತು ಎನ್ನುವವರಿಗೆ ವಿಜ್ಞಾನವೇ ಉತ್ತರ ಕೊಡುತ್ತದೆ. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. 'ವೈಟ್‌ಹಾಲ್ ಅಧ್ಯಯನ' ಎಂದೇ ಅದು ಪ್ರಸಿದ್ಧ. ಹದಿನೇಳು ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಲಾಯಿತು. ಹೃದಯಾಘಾತ ಬರುವುದು ಹೊಣೆ ಹೊತ್ತ ದೊಡ್ಡ ಅಧಿಕಾರಿಗಳಿಗೆ ಎಂಬ ನಂಬಿಕೆ ಆಗ ಎಲ್ಲರಲ್ಲೂ ಇತ್ತು. ಫಲಿತಾಂಶ ತಲೆಕೆಳಗಾಗಿತ್ತು. ಕೆಳದರ್ಜೆಯ ನೌಕರರಲ್ಲಿ ಹೃದಯ ಕಾಯಿಲೆಯ ಸಾವು ಅತ್ಯುನ್ನತ ದರ್ಜೆಯವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಇವರಲ್ಲಿ ಯಾರೂ ಕಡುಬಡವರಲ್ಲ, ನಿರುದ್ಯೋಗಿಗಳಲ್ಲ. ಎಲ್ಲರಿಗೂ ಒಂದೇ ಸರ್ಕಾರದ ಸಂಬಳ, ಒಂದೇ ರಾಷ್ಟ್ರೀಯ ಆರೋಗ್ಯ ಸೇವೆ. ಕೆಳದರ್ಜೆಯವರು ಹೆಚ್ಚು ಸಿಗರೇಟು ಸೇದುತ್ತಿದ್ದರು ನಿಜ. ಆದರೆ ಸಿಗರೇಟು, ಕೊಬ್ಬು, ರಕ್ತದೊತ್ತಡ ಎಲ್ಲವನ್ನೂ ಲೆಕ್ಕ ಹಾಕಿದ ಮೇಲೂ ಈ ಅಂತರದ ದೊಡ್ಡ ಪಾಲು ಹಾಗೆಯೇ ಉಳಿಯಿತು.

ಮುಂದಿನ ಅಧ್ಯಯನಗಳು ತೋರಿಸಿದ ಒಂದು ಮುಖ್ಯ ಕಾರಣ, ಕೆಲಸದ ಮೇಲಿನ ಹಿಡಿತ. ಮಾಡಬೇಕಾದದ್ದು ಹೆಚ್ಚು, ಹೇಗೆ ಯಾವಾಗ ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಕಡಿಮೆ - ಇಂಥ ಕೆಲಸ ಹೃದಯವನ್ನು ಸವೆಸುತ್ತದೆ. ಈ ಮಾತನ್ನು ಓದುವಾಗ ಗಾರ್ಮೆಂಟ್ಸ್‌ನ ಟಾರ್ಗೆಟ್ ಬೋರ್ಡು ಕಣ್ಣ ಮುಂದೆ ಬಾರದಿರದು. ಕರೆಗಳ ನಡುವಿನ ಸೆಕೆಂಡುಗಳನ್ನೂ ಕಂಪ್ಯೂಟರ್ ಎಣಿಸುವ ಕಾಲ್ ಸೆಂಟರ್ ಕೂಡ. ಒಬ್ಬರ ಸಂಬಳ ಇನ್ನೊಬ್ಬರದಕ್ಕಿಂತ ಹೆಚ್ಚಿರಬಹುದು. ಹಿಡಿತ ಇಬ್ಬರಿಗೂ ಇಲ್ಲ.

ಈ ಮುಂದಿನ ಅಧ್ಯಯನಗಳ ಮುಂದಾಳು ಮೈಕೆಲ್ ಮಾರ್ಮಟ್ ಅವರ ಅಧ್ಯಕ್ಷತೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಒಂದು ಆಯೋಗ ರಚಿಸಿತು. ಅಮರ್ತ್ಯ ಸೇನ್ ಮತ್ತು 'ಸೇವಾ' ಸಂಘಟನೆಯ ಮಿರಾಯ್ ಚಟರ್ಜಿ ಅದರ ಸದಸ್ಯರಾಗಿದ್ದರು. 2008ರಲ್ಲಿ ಬಂದ ವರದಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಒಂದು ಉದಾಹರಣೆ ಕೊಡುತ್ತದೆ. ಆ ನಗರದ ಬಡ ಬಡಾವಣೆಯಾದ ಕಾಲ್ಟನ್‌ನಲ್ಲಿ ಹುಟ್ಟಿದ ಗಂಡುಮಗು, ಕೆಲವೇ ಮೈಲಿ ದೂರದ ಲೆಂಜಿಯಲ್ಲಿ ಹುಟ್ಟಿದ ಮಗುವಿಗಿಂತ 28 ವರ್ಷ ಕಡಿಮೆ ಬಾಳುವ ನಿರೀಕ್ಷೆ. ಸಾಮಾಜಿಕ ಅನ್ಯಾಯ ದೊಡ್ಡ ಪ್ರಮಾಣದಲ್ಲಿ ಜನರನ್ನು ಕೊಲ್ಲುತ್ತಿದೆ ಎಂಬುದು ಆ ವರದಿಯ ತಾತ್ಪರ್ಯ. ದೊಡ್ಡತೋಗೂರಿನ ಶೀಟ್ ಮನೆಗೂ ಅದರ ಪಕ್ಕದ ಗಾಜಿನ ಕಟ್ಟಡಕ್ಕೂ ಇಂಥ ಲೆಕ್ಕವನ್ನು ನಮ್ಮ ಸರ್ಕಾರ ಹಾಕಬೇಕು. ಹಾಕಿದರೆ ಆರೋಗ್ಯ ಬಜೆಟ್ಟಿನ ಚರ್ಚೆಯೇ ಬದಲಾದೀತು.

70 ಗಂಟೆಯ ಉಪದೇಶ

ಈ ಹಿನ್ನೆಲೆಯಲ್ಲಿ ಇನ್ನೊಂದು ಬಗೆಯ ಉಪದೇಶವನ್ನೂ ಓದಬೇಕು. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ, ದೇಶ ಮುಂದೆ ಬರಬೇಕಾದರೆ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಮುಖ್ಯಸ್ಥರು 90 ಗಂಟೆಯ ಮಾತಾಡಿದ್ದು ಸುದ್ದಿಯಾಯಿತು. ತಾವು ಕಟ್ಟಿದ ಸಂಸ್ಥೆಗಾಗಿ ಹಗಲಿರುಳು ದುಡಿದವರ ಶ್ರಮವನ್ನು ಅಲ್ಲಗಳೆಯಬೇಕಿಲ್ಲ. ಆದರೆ ವೈಟ್‌ಹಾಲ್‌ನ ಪಾಠವನ್ನು ಇಲ್ಲಿಗೆ ತಂದರೆ ಒಂದು ವ್ಯತ್ಯಾಸ ಕಾಣುತ್ತದೆ. ಮಾಲೀಕನ 70 ಗಂಟೆ ಅವನದೇ ಆಯ್ಕೆ, ಅದರ ಫಲವೂ ಅವನದು. ನೌಕರನ 70 ಗಂಟೆ ಇನ್ನೊಬ್ಬರು ತೀರ್ಮಾನಿಸಿದ್ದು. ಗಂಟೆ ಒಂದೇ ಆದರೂ ಎರಡು ದೇಹಗಳ ಮೇಲೆ ಅದರ ಪರಿಣಾಮ ಒಂದೇ ಅಲ್ಲ.

ಗಂಟೆಗಳ ಲೆಕ್ಕಕ್ಕೂ ಪುರಾವೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಂದಾಜಿನಂತೆ, ದೀರ್ಘ ದುಡಿಮೆಯಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7 ಲಕ್ಷ 45 ಸಾವಿರ ಜನ ಪಾರ್ಶ್ವವಾಯು ಮತ್ತು ಹೃದಯ ಕಾಯಿಲೆಗಳಿಂದ ಸತ್ತರು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 70 ಗಂಟೆಯ ಉಪದೇಶ ಮಾಡುವವರು ಈ ಅಂಕಿಗಳನ್ನೂ ಜತೆಗೆ ಹೇಳುವುದು ನ್ಯಾಯ.

ಸರ್ಕಾರದ ನಡೆಯೂ ಇದಕ್ಕೆ ಹೊರತಲ್ಲ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. 2024ರ ಜುಲೈನಲ್ಲಿ ಐ.ಟಿ. ವಲಯದಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸುವ ಪ್ರಸ್ತಾವ ಚರ್ಚೆಗೆ ಬಂತು. ಐ.ಟಿ. ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಆ ಪ್ರಸ್ತಾವದ ಬಗ್ಗೆ ಉದ್ಯಮದ ಪುಟಗಳು ಬರೆದವು, ರಾಜಕೀಯದ ಪುಟಗಳು ಬರೆದವು. ಆರೋಗ್ಯದ ಪುಟ ಆ ವಾರವೂ ನುಗ್ಗೆಸೊಪ್ಪಿನ ಗುಣಗಳನ್ನೇ ಹೇಳುತ್ತಿದ್ದರೆ ಆಶ್ಚರ್ಯವಿಲ್ಲ.

ಒಳಗಿನ ಯೋಗ, ಹೊರಗಿನ ರೋಗ

ಕಂಪನಿಗಳು ಆರೋಗ್ಯವನ್ನು ಮರೆತಿಲ್ಲ. ದೊಡ್ಡ ಕ್ಯಾಂಪಸ್‌ಗಳಲ್ಲಿ ಜಿಮ್ ಇದೆ, ಯೋಗ ತರಗತಿ ಇದೆ, ಮನಸ್ಸಿನ ಒತ್ತಡಕ್ಕೆ ಆಪ್ತ ಸಲಹೆ ಇದೆ, ಹೆಜ್ಜೆ ಎಣಿಸುವ ಸ್ಪರ್ಧೆಗಳಿವೆ. ಇವು ಬೇಡವೆಂದಲ್ಲ. ಆದರೆ ಒತ್ತಡ ಹುಟ್ಟಿಸುವ ಗಡುವನ್ನು ಹಾಗೆಯೇ ಇಟ್ಟು, ಒತ್ತಡವನ್ನು ಸಹಿಸುವ ಕಲೆಯನ್ನು ಕಲಿಸುವುದು ಸೋರುವ ಸೂರಿನ ಕೆಳಗೆ ಕೊಡೆ ಹಂಚಿದಂತೆ. ಮೇಲಾಗಿ ಕೊಡೆ ಸಿಗುವುದೂ ಎಲ್ಲರಿಗಲ್ಲ. ಯೋಗದ ಕೋಣೆಯನ್ನು ಗುಡಿಸುವವಳು, ಅದರ ಬಾಗಿಲು ಕಾಯುವವನು ಗುತ್ತಿಗೆದಾರನ ನೌಕರರು. ಅವರಿಗೆ ಆ ತರಗತಿ ಇಲ್ಲ.

2013ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಪ್ರತ್ಯೇಕ ಕೈಗಾರಿಕಾ ಟೌನ್‌ಷಿಪ್ ಪ್ರಾಧಿಕಾರ ಬಂತು. ರಸ್ತೆ, ಮರಗಿಡ, ಕಸ ವಿಲೇವಾರಿಗಳಲ್ಲಿ ಒಳಗಿನ ವ್ಯವಸ್ಥೆ ಅಚ್ಚುಕಟ್ಟು. ಒಳಗೆ ದುಡಿಯುವ ಬಹಳಷ್ಟು ಜನ ಮಲಗುವುದು ಮಾತ್ರ ಅದರ ಗಡಿಯಾಚೆಯ ಹಳೆಯ ಹಳ್ಳಿಗಳ ಇಕ್ಕಟ್ಟಿನಲ್ಲಿ. ಅಲ್ಲಿ ನೀರು ಎಂದರೆ ಬಹುತೇಕ ಕೊಳವೆ ಬಾವಿ ಮತ್ತು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನೀರು ಬತ್ತಿದಾಗ ಟ್ಯಾಂಕರ್‌ಗೆ ಹೆಚ್ಚು ಹಣ ಕೊಡಬಲ್ಲ ಅಪಾರ್ಟ್‌ಮೆಂಟ್‌ಗಳ ಸಂಕಟ ದೊಡ್ಡ ಸುದ್ದಿಯಾಯಿತು. ಕೊಡಲಾರದವರು ಕೊಡ ಹಿಡಿದು ನಿಂತರು. ಗೋಡೆಯ ಈಚೆ ದುಡಿಮೆ, ಆಚೆ ಬದುಕು ಎಂದು ಊರನ್ನು ಹೀಗೆ ಎರಡಾಗಿಸಿದ ಮೇಲೆ ಆರೋಗ್ಯವೂ ಎರಡಾಗುತ್ತದೆ.

ಕಾರ್ಮಿಕರು ತಮ್ಮ ಆರೋಗ್ಯದ ಅರ್ಥಶಾಸ್ತ್ರವನ್ನು ತಜ್ಞರಿಗಿಂತ ಚೆನ್ನಾಗಿ ಬಲ್ಲರು. 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಯ ಬೊಮ್ಮನಹಳ್ಳಿಯಿಂದ ಹಿಡಿದು ಪೀಣ್ಯದವರೆಗೆ ರಸ್ತೆಗಿಳಿದರು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರ ಸಿಟ್ಟಿಗೆ ಕಾರಣ. ಕೇಂದ್ರ ಸರ್ಕಾರ ಎರಡನೆಯ ದಿನವೇ ನಿಯಮ ಹಿಂತೆಗೆದುಕೊಂಡಿತು. ಮಾಧ್ಯಮಗಳು ಅದನ್ನು ಪಿ.ಎಫ್. ಗಲಾಟೆ ಎಂದು ಕರೆದವು. ಆದರೆ ಆ ಹೆಣ್ಣುಮಕ್ಕಳಿಗೆ ಪಿ.ಎಫ್. ಎಂದರೆ ನಿವೃತ್ತಿಯ ಹಣವಲ್ಲ. ಮಗುವಿನ ಜ್ವರ, ಗಂಡನ ಅಪಘಾತ, ತನ್ನದೇ ಗರ್ಭಕೋಶದ ಶಸ್ತ್ರಚಿಕಿತ್ಸೆ - ಇವಕ್ಕೆಲ್ಲ ಇರುವ ಒಂದೇ ಗಂಟು. ನಲವತ್ತಕ್ಕೇ ದೇಹ ಸೋತು ಕೆಲಸ ಬಿಡುವವರಿಗೆ 58ರ ಮಾತು ಹೇಳಿದರೆ ಸಿಟ್ಟು ಬಾರದೆ ಇದ್ದೀತೇ? ಅದು ನಿಜವಾಗಿ ಒಂದು ಆರೋಗ್ಯ ಚಳವಳಿ ಎಂದು ನಾವು ಓದಬೇಕಿತ್ತು.

ವ್ಯಕ್ತಿಯ ಪಾಲೆಷ್ಟು?

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬರುತ್ತದೆ. ಎಲ್ಲಕ್ಕೂ ಸಮಾಜವೇ ಕಾರಣವಾದರೆ ವ್ಯಕ್ತಿ ಏನೂ ಮಾಡಬೇಕಿಲ್ಲವೇ? ಗುಟ್ಕಾ ಜಗಿಯುವವನ ಬಾಯಿಗೆ ಸಮಾಜ ಗುಟ್ಕಾ ಹಾಕುತ್ತದೆಯೇ?

ಆಕ್ಷೇಪದಲ್ಲಿ ಹುರುಳಿದೆ. ವಯಸ್ಸು, ಅನುವಂಶೀಯತೆ, ಅಭ್ಯಾಸ, ಸ್ವಭಾವ ಇವು ಆರೋಗ್ಯವನ್ನು ತಿದ್ದುತ್ತವೆ. ಐ.ಸಿ.ಎಂ.ಆರ್. ಬೆಂಬಲದ ರಾಷ್ಟ್ರವ್ಯಾಪಿ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿದಂತೆ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಯುರೋಪಿನವರಿಗಿಂತ ಕಡಿಮೆ ತೂಕದಲ್ಲೇ ನಮ್ಮವರಿಗೆ ಅದು ಬರುತ್ತದೆ. ಇಂಥ ಕಡೆ ಬಾಯಿಗೆ ಹಿಡಿತ, ಮೈಗೆ ದುಡಿತ ಬೇಕೇ ಬೇಕು. ಸಂಬಳವಿದ್ದೂ ರಾತ್ರಿ ಹನ್ನೆರಡಕ್ಕೆ ಬಿರಿಯಾನಿ ತರಿಸಿ ತಿನ್ನುವ ಯುವಕ ತನ್ನ ಹೊಣೆಯನ್ನು ಕಂಪನಿಯ ಮೇಲೆ ಪೂರ್ತಿ ಹೊರಿಸಲಾರ.

'ಸಾಮಾಜಿಕ ಕಾರಣ' ಎಂದರೆ ಬರೀ ಬಡತನವೂ ಅಲ್ಲ. 2006ರ ಸಾಚಾರ್ ಸಮಿತಿ ವರದಿ ಮುಸ್ಲಿಮರ ಹಿಂದುಳಿದಿರುವಿಕೆಯ ಲೆಕ್ಕ ಕೊಟ್ಟಿದ್ದನ್ನು ನಾವೆಲ್ಲ ಚರ್ಚಿಸಿದ್ದೇವೆ. ಅದೇ ವರದಿಯಲ್ಲಿ ಕಡಿಮೆ ಚರ್ಚೆಯಾದ ಒಂದು ಸಂಗತಿ ಇದೆ. ಬಡತನವಿದ್ದರೂ ಮುಸ್ಲಿಮರಲ್ಲಿ ಶಿಶುಮರಣದ ಪ್ರಮಾಣ ದೇಶದ ಸರಾಸರಿಗಿಂತ ಕೊಂಚ ಕಡಿಮೆ. ಅರ್ಥಶಾಸ್ತ್ರಜ್ಞರು ಇದಕ್ಕೆ ಬೇರೆ ಬೇರೆ ಕಾರಣ ಹುಡುಕಿದ್ದಾರೆ, ಒಂದೇ ಉತ್ತರ ಸಿಕ್ಕಿಲ್ಲ. ಆದರೆ ಹಣ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ, ಬದುಕುವ ರೀತಿ, ಸಂಬಂಧ, ವಾಸದ ಊರು ಇವೂ ಕೆಲಸ ಮಾಡುತ್ತವೆ ಎಂಬುದಕ್ಕೆ ಇದು ಸಾಕ್ಷಿ. ಹಾಗೆ ನೋಡಿದರೆ, ಊರು ಬಿಟ್ಟು ಬಂದು ಪಿ.ಜಿ.ಯಲ್ಲಿ ಒಂಟಿಯಾಗಿರುವ ಇಪ್ಪತ್ತೈದರ ಎಂಜಿನಿಯರ್ ಒಂದು ವಿಷಯದಲ್ಲಿ ಶೀಟ್ ಮನೆಯ ಕುಟುಂಬಕ್ಕಿಂತ ಬಡವನಿರಬಹುದು. ಜ್ವರ ಬಂದ ರಾತ್ರಿ ಹಣೆ ಮುಟ್ಟಿ ನೋಡುವವರು ಅವನಿಗಿಲ್ಲ.

ನಮ್ಮ ವಾದ ಇಷ್ಟೇ. ವ್ಯಕ್ತಿಯ ಹೊಣೆ ಅವನ ಆಯ್ಕೆಯಷ್ಟೇ ದೊಡ್ಡದು. ಆಯ್ಕೆ ಇಲ್ಲದ ಕಡೆ ಹೊಣೆ ಹೊರಿಸಿದರೆ ಅದು ರೋಗಿಯನ್ನೇ ಅಪರಾಧಿಯಾಗಿಸುತ್ತದೆ. ಹಾಗೆ ಅಪರಾಧಿಯಾದವಳು ವೈದ್ಯರ ಬಳಿ ಹೋಗಲು ಹಿಂಜರಿಯುತ್ತಾಳೆ, ಸುಳ್ಳು ಹೇಳುತ್ತಾಳೆ, ತಡಮಾಡುತ್ತಾಳೆ. ಸಲಹೆಯೇ ರೋಗವನ್ನು ಬೆಳೆಸುವುದು ಹೀಗೆ.

ಬರೆಯಬೇಕಾದ ಆರೋಗ್ಯ ಪುಟ

ಹಾಗಾದರೆ ಆರೋಗ್ಯ ಅಂಕಣಗಳನ್ನು ನಿಲ್ಲಿಸಬೇಕೇ? ಖಂಡಿತ ಇಲ್ಲ. ಅವುಗಳ ಹರವು ಹಿಗ್ಗಬೇಕು. ಒಂದು ಉದಾಹರಣೆ ನೋಡೋಣ. ಇ.ಎಸ್.ಐ. ಯೋಜನೆಯಲ್ಲಿ ಕಾಯಿಲೆ ಬಿದ್ದ ಕಾರ್ಮಿಕರಿಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಹಣ ಸಿಗುವ ವ್ಯವಸ್ಥೆ ಇದೆ. ಆದರೆ ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಗುತ್ತಿಗೆದಾರ ಬದಲಾದಾಗ, ವಂತಿಗೆ ಹಿಡಿದುಕೊಂಡು ಕಟ್ಟದೆ ಇದ್ದಾಗ ಈ ಲೆಕ್ಕ ತಪ್ಪುತ್ತದೆ. 2017ರ ಜನವರಿಯಲ್ಲಿ ಸಂಬಳದ ಮಿತಿಯನ್ನು 21,000 ರೂಪಾಯಿಗೆ ಏರಿಸಲಾಯಿತು. ಇಂಥ ಮಿತಿಯನ್ನು ಸ್ವಲ್ಪವೇ ದಾಟಿದವರು ಸಂಬಳ ಏರಿದ ಖುಷಿಯಲ್ಲೇ ಆಸ್ಪತ್ರೆಯ ರಕ್ಷಣೆ ಕಳೆದುಕೊಳ್ಳುತ್ತಾರೆ. ಮಧುಮೇಹಕ್ಕೆ ಮೆಂತ್ಯದ ನೀರು ಎಷ್ಟು ಕುಡಿಯಬೇಕೆಂದು ಬರೆಯುವ ಪುಟದಲ್ಲಿ, ನಿಮ್ಮ ಇ.ಎಸ್.ಐ. ವಂತಿಗೆ ಜಮೆಯಾಗಿದೆಯೇ ಎಂದು ನೋಡುವುದು ಹೇಗೆ ಎಂಬುದೂ ಬರಲಿ. ಅದು ಮೆಂತ್ಯಕ್ಕಿಂತ ಹೆಚ್ಚು ಜೀವ ಉಳಿಸೀತು.

2025ರ ಎರಡು ಬೆಳವಣಿಗೆಗಳನ್ನೂ ಆರೋಗ್ಯದ ಸುದ್ದಿಯಾಗಿಯೇ ಓದಬೇಕು. ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿ.ಮೀ. ಹಳದಿ ಮೆಟ್ರೊ ಮಾರ್ಗ ತೆರೆಯಿತು. ಸಿಲ್ಕ್ ಬೋರ್ಡ್ ವೃತ್ತದಲ್ಲಿ ದಿನಕ್ಕೊಂದು ಗಂಟೆ ಹೊಗೆ ಕುಡಿಯುತ್ತಿದ್ದವರಿಗೆ ಇದು ಯಾವ ಪ್ರಾಣಾಯಾಮಕ್ಕೂ ಕಡಿಮೆಯಲ್ಲ. ಟಿಕೆಟ್ ದರ ಹೌಸ್‌ಕೀಪಿಂಗ್ ಹೆಂಗಸಿನ ಕೈಗೆಟಕುತ್ತದೆಯೇ ಎಂಬುದು ಮುಂದಿನ ಆರೋಗ್ಯ ಪ್ರಶ್ನೆ. ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ಐ.ಟಿ. ಕಚೇರಿ ಮತ್ತು ಗಾರ್ಮೆಂಟ್ಸ್ ಎರಡಕ್ಕೂ ಒಂದೇ ನೀತಿ ಎಂಬುದು ಸ್ವಾಗತಾರ್ಹ. ಆದರೆ ಶೌಚಾಲಯಕ್ಕೆ ಏಳಲೂ ಅಂಜುವವಳು ಗಂಡಸು ಸೂಪರ್‌ವೈಸರ್ ಬಳಿ ಆ ರಜೆಯನ್ನು ಕೇಳುವ ಧೈರ್ಯ ಮಾಡಿಯಾಳೇ? ಕಾಗದದ ಮೇಲಿನ ಹಕ್ಕು ದೇಹಕ್ಕೆ ತಲುಪಲು ಕೆಲಸದ ಜಾಗದ ಸಂಬಂಧಗಳೇ ಬದಲಾಗಬೇಕು. ಅಲ್ಲಿ ಸಂಘಟನೆಯೂ ಒಂದು ಔಷಧಿ.

ಕನ್ನಡದ ವೈದ್ಯ ಲೇಖಕರಲ್ಲಿ ನಮ್ಮ ಕೋರಿಕೆ ಒಂದೇ. ಹಿಂದಿನವರು ದೇಹದ ಬಗೆಗಿನ ನಾಚಿಕೆಯನ್ನು ಮುರಿದರು, ಮನಸ್ಸಿನ ಬಗೆಗಿನ ಮೂಢನಂಬಿಕೆಯನ್ನು ಮುರಿದರು. ಈಗ ಮುರಿಯಬೇಕಾದದ್ದು ಆರೋಗ್ಯ ಒಬ್ಬೊಬ್ಬರ ಖಾಸಗಿ ಸಾಧನೆ ಎಂಬ ಮೂಢನಂಬಿಕೆಯನ್ನು. ರೋಗಿಗೆ 'ಏನು ತಿನ್ನುತ್ತೀರಿ?' ಎಂದು ಕೇಳುವ ಜತೆಗೆ 'ಎಷ್ಟು ಗಂಟೆ ದುಡಿಯುತ್ತೀರಿ, ಎಲ್ಲಿ ಮಲಗುತ್ತೀರಿ, ನೀರು ಎಲ್ಲಿಂದ ಬರುತ್ತದೆ?' ಎಂದು ಕೇಳಿ, ಸಿಕ್ಕ ಉತ್ತರವನ್ನು ಸಾರ್ವಜನಿಕವಾಗಿ ಬರೆಯುವ ವೈದ್ಯರು ನಮಗೆ ಬೇಕು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಸುಳ್ಳಾಗಬೇಕಿಲ್ಲ. ಊಟಕ್ಕೆ ಅರ್ಧ ಗಂಟೆ, ಕುಡಿಯಲು ನೀರು, ಮಲಗಲು ಒಂದು ರಾತ್ರಿ ಎಲ್ಲರಿಗೂ ಸಿಕ್ಕ ಮೇಲೆ ಆ ಗಾದೆಯನ್ನು ಹೇಳಿದರೆ ಸಾಕು.